ಬಾಣಂತಿಯ ಪಟ್ಟಿಗೆ ನೀವು ಬರೆಯದೇ ಬಿಟ್ಟ ಸಾಲು

ಬೆಟಗೇರಿ
ಪಥ್ಯಶಕೆ ೧೧೮, ಮೂರನೇ ಆಷಾಢದ ಮೂವತ್ತೆರಡನೇ ದಿನ

ಮುತ್ತಜ್ಜಿ ಪೂರ್ಣಿಮಾ ಅವರಿಗೆ ನೀಲಾಂಬಿಕೆಯ ನಮಸ್ಕಾರ.

ಈ ತಾರೀಖು ನಿಮ್ಮ ಯಾವ ಕ್ಯಾಲೆಂಡರಿನಲ್ಲೂ ಸಿಗದು. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮೆಯಿರಲಿ. ನೀವು ಇಪ್ಪತ್ತಾರರ ಬಾಣಂತಿ, ನಾನು ಅರವತ್ತಮೂರರ ಮುದುಕಿ. ಆದರೂ ನಿಮ್ಮ ತೊಡೆಯ ಮೇಲೆ ಅಳುತ್ತಿರುವ ಕೂಸು ನನ್ನ ಅಜ್ಜಿಯಾದ್ದರಿಂದ ನಾನೇ ತಗ್ಗಿ ನಡೆಯಬೇಕು. ತಗ್ಗುತ್ತೇನೆ, ಆದರೆ ಸಿಟ್ಟನ್ನು ನುಂಗಿಕೊಳ್ಳಲಾರೆ.

ಆ ಕೂಸಿನ ಮಲದಲ್ಲಿ ರಕ್ತದ ಎಳೆ ಕಂಡ ದಿನ ನೀವು ಕ್ಯಾಲೆಂಡರಿನ ಹಾಳೆಯ ಹಿಂಬದಿಗೆ ಪೆನ್ಸಿಲಿನಲ್ಲಿ 'ಕೂಸಿಗೆ ಆಗದ್ದು' ಎಂದು ಬರೆದಿರಿ. ಮೊದಲ ಸಾಲು ಡಾಕ್ಟರು ಹೇಳಿದ್ದು: ಹಾಲು, ಮೊಸರು, ತುಪ್ಪ. ಕೆಳಗಿನವೆಲ್ಲ ತಲೆಗೊಂದು ಮಾತು. ಅತ್ತೆ ಬದನೆಕಾಯಿ ಎಂದರು, ನೆಗೆಣ್ಣಿ ಶೇಂಗಾ ಎಂದಳು, ಎದುರುಮನೆಯವರು ತೊಗರಿಬೇಳೆ, ಗೋಧಿ, ಮಾವಿನಹಣ್ಣು ಎಂದರು. ಬಾಣಂತಿಯ ಬಾಯಿ ಕಟ್ಟುವುದಕ್ಕಾದರೆ ಊರಿಗೆ ಊರೇ ಮುಂದೆ ಬರುತ್ತದೆ. ನೀವು ಎಲ್ಲವನ್ನೂ ಬರೆದುಕೊಂಡಿರಿ, ಎಲ್ಲವನ್ನೂ ಬಿಟ್ಟಿರಿ. ಹದಿನೈದು ದಿನಕ್ಕೆ ಕೂಸು ಚೇತರಿಸಿಕೊಂಡಿತು.

ಗುಣವಾದದ್ದು ಯಾವುದನ್ನು ಬಿಟ್ಟದ್ದರಿಂದ ಎಂದು ಯಾರೂ ಕೇಳಲಿಲ್ಲ. ಓಣಿಯ ಹೆಂಗಸರು ಹಾಳೆಯನ್ನು ನಕಲು ಮಾಡಿಕೊಂಡರು, ಅವರ ಹೆಣ್ಣುಮಕ್ಕಳು ಇನ್ನಷ್ಟು ಸೇರಿಸಿದರು. ಈಗ ನಾವು ಅದನ್ನು ತೊರೆಪಟ್ಟಿ ಎನ್ನುತ್ತೇವೆ. ಅದರಲ್ಲಿ ಇನ್ನೂರ ಹನ್ನೊಂದು ಪದಾರ್ಥಗಳಿವೆ, ನಮ್ಮ ಶಕೆಯೇ ಅದರಿಂದ ಶುರು. ಬಾಣಂತಿಯ ಎದೆಗೆ ಹಾಲುಗಣ್ಣು ಎಂಬ ಗುಂಡಿಯಷ್ಟು ಯಂತ್ರ ಅಂಟಿಸುತ್ತೇವೆ. ಪಟ್ಟಿಯಲ್ಲಿರುವುದನ್ನು ತಿಂದರೆ ಅದು ವಾಸನೆ ಹಿಡಿದು ಕೆಂಪಗಾಗುತ್ತದೆ. ಆಗ ಪಥ್ಯಗಾರ್ತಿ ಬಂದು ಅಡುಗೆಮನೆ ಶೋಧಿಸಿ ಡಬ್ಬಿಗಳಿಗೆ ಮೊಹರು ಹಾಕುತ್ತಾಳೆ. ಬಾಣಂತಿಗೆ ಉಳಿಯುವುದು ಗಂಜಿ, ಬೇಯಿಸಿದ ಸೋರೆಕಾಯಿ, ಸಬ್ಬಸಿಗೆ ಸೊಪ್ಪು, ಜೊತೆಗೆ ದಿನಕ್ಕೆರಡು ತಂಬಿಗೆ ಆಕಳ ಹಾಲು. ಹೌದು ಅಜ್ಜಿ, ಹಾಲು! ಹಾಲು ಕುಡಿಯದ ತಾಯಿಗೆ ಹಾಲೆಲ್ಲಿಂದ ಬಂದೀತು ಎಂದು ಬಾಣಂತಿ ಮಂಡಳಿಯ ಹಿರಿಯರು ನಿಮ್ಮ ಮೊದಲ ಸಾಲೊಂದನ್ನೇ ಹೊಡೆದುಹಾಕಿದರು. ಇದ್ದುದರಲ್ಲಿ ಸರಿಯಾದ ಸಾಲು ಅದೊಂದೇ ಇತ್ತು.

ಮೂವತ್ತೊಂದು ವರ್ಷದಿಂದ ಈ ಓಣಿಗಳ ಪಥ್ಯಗಾರ್ತಿ ನಾನೇ. ತಲೆದಿಂಬಿನ ಕೆಳಗೆ ಹಿಡಿ ಶೇಂಗಾ ಬಚ್ಚಿಟ್ಟವಳೊಬ್ಬಳನ್ನು ಓಣಿಯವರೆದುರು ನಿಲ್ಲಿಸಿ, ಆ ಶೇಂಗಾವನ್ನು ಚರಂಡಿಗೆ ಸುರಿಸಿದ್ದೇನೆ. ಈಗ ಬಾಣಂತಿಯಾಗಿರುವವಳು ನನ್ನ ಮಗಳು ಇಂಚರ. ಎರಡು ತಿಂಗಳಲ್ಲಿ ಅವಳ ಬಳೆ ಮೊಣಕೈವರೆಗೆ ಜಾರುವಂತಾಗಿದೆ. ಅವಳ ಕೂಸಿನ ಬಟ್ಟೆಯಲ್ಲೂ ಅದೇ ರಕ್ತದ ಎಳೆ ಕಾಣುತ್ತಿದೆ. ತಾಯಿ ಕದ್ದು ತಿನ್ನುತ್ತಿರಬೇಕು, ಹಾಲುಗಣ್ಣು ಕೆಟ್ಟಿರಬೇಕು ಎಂದಿತು ಮಂಡಳಿ. ನಾನೂ ನಂಬಿದೆ.

"ಏನ್ ಕದ್ದು ತಿಂದಿ? ಖರೇ ಹೇಳು," ಎಂದು ಗದರಿದೆ.

"ಕದಿಯಾಕ ಮನ್ಯಾಗ ಏನ್ ಉಳಿಸೀಯವ್ವಾ?" ಎಂದಳು.

ಮೊನ್ನೆ ಮಂಡಳಿಯ ಕಚೇರಿಯ ಗೋಡೆಯ ಮೇಲಿದ್ದ ನಿಮ್ಮ ಹಾಳೆಯ ಗಾಜು ಒಡೆಯಿತು. ಹೊಸದು ಹಾಕಿಸಲು ಚೌಕಟ್ಟು ಬಿಚ್ಚಿದಾಗ ಹಿಂದಿನಿಂದ ಡಾಕ್ಟರ ಚೀಟಿಯೊಂದು, ಫೋಟೋ ಒಂದು ಬಿದ್ದವು. ಹಾಲಿನ ಪದಾರ್ಥ ಮಾತ್ರ ಬಿಡಿ, ಉಳಿದದ್ದೆಲ್ಲ ಹೊಟ್ಟೆತುಂಬ ಉಣ್ಣಿ, ಕೆಲವು ತಿಂಗಳ ನಂತರ ಅದನ್ನೂ ಸ್ವಲ್ಪಸ್ವಲ್ಪವೇ ತಿಂದು ನೋಡೋಣ ಎಂದು ಚೀಟಿಯಲ್ಲಿತ್ತು. ಫೋಟೋದ ಹಿಂದೆ 'ಕೂಸಿಗೆ ಹನ್ನೊಂದು ತಿಂಗಳು' ಎಂದಿದೆ. ನಿಮ್ಮ ತಾಟಿನಲ್ಲಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಸೆರಗಿನ ಮರೆಯಲ್ಲಿ ಕೂಸು ಮೊಲೆ ಕುಡಿಯುತ್ತಿದೆ, ಎರಡು ಪಾದ ಮಾತ್ರ ಕಾಣುತ್ತವೆ. ನೀವು ನಗುತ್ತಿದ್ದೀರಿ. ಬಿಟ್ಟದ್ದನ್ನು ಬರೆಯಲು ಪೆನ್ಸಿಲು ಸಿಕ್ಕಿತ್ತು, ಮತ್ತೆ ಉಂಡದ್ದನ್ನು ಬರೆಯಲು ಸಿಗಲಿಲ್ಲವೇ? ನೀವು ಉಂಡು ಕೈ ತೊಳೆದಿರಿ, ನಾವು ನೂರು ವರ್ಷ ಉಪವಾಸ ಬಿದ್ದೆವು. ಫೋಟೋ ಈಗ ನನ್ನ ಬಳಿ ಇದೆ.

ಇವತ್ತು ಮಧ್ಯಾಹ್ನ ಇಂಚರಳ ಎದೆಯಿಂದ ಹಾಲುಗಣ್ಣು ಕಿತ್ತೆ. ಹಾಲಿನ ತಂಬಿಗೆಯನ್ನು ಹೊರಗಿಟ್ಟೆ. ನಾನೇ ಹಾಕಿದ ಮೊಹರು ನಾನೇ ಒಡೆದು, ಎಣ್ಣೆಗಾಯಿ ಮಾಡಿ ಬಡಿಸಿದೆ. ಮಗಳು ತುತ್ತನ್ನು ಬಾಯಿಯ ಬಳಿ ಹಿಡಿದು, ಎಲ್ಲಿ ಕಸಿದುಕೊಳ್ಳುತ್ತೇನೋ ಎಂದು ನನ್ನ ಕೈಗಳನ್ನೇ ನೋಡುತ್ತ ಕೂತಳು. ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ ಮೇಲೆ ತಿಂದಳು.

ನನ್ನ ಕೆಲಸ ಹೋಗುತ್ತದೆ, ಹೋಗಲಿ. ಕೂಸಿಗೆ ಗುಣವಾಗುವುದೋ ಇಲ್ಲವೋ ತಿಳಿಯಲು ಹದಿನೈದು ದಿನ ಕಾಯಬೇಕು. ನಿಮ್ಮಲ್ಲಿ ಬೇಡುವುದು ಒಂದೇ. ಫೋಟೋದ ಆ ದಿನ ನಿಮಗೆ ಇನ್ನೂ ಬಂದಿಲ್ಲ. ಬಂದಾಗ ನಿಮ್ಮ ಮನೆಯ ಗೋಡೆಯ ಮೇಲಿನ ಆ ಹಾಳೆ ಇಳಿಸಿ, ಕೊನೆಯಲ್ಲಿ ಇಷ್ಟು ಬರೆಯಿರಿ: 'ಎಲ್ಲಾ ಮತ್ತ ಉಂಡೆ, ಕೂಸು ಆರಾಮ ಐತಿ.' ಬರೆದ ಮೇಲೆ ರೊಟ್ಟಿ ಮುರಿಯಿರಿ.

ನಿಮ್ಮ ಮರಿಮೊಮ್ಮಗಳು,
ನೀಲಾಂಬಿಕೆ