ಭುಜದ ಮೇಲೆ ನೀಲಿ ಗೆರೆ

ಮಾರ್ಚ್ ೩, ಸೋಮವಾರ

ಬೆಳಿಗ್ಗೆ ನಾಲ್ಕು ರೋಗಿಗಳ ಮನೆ. ಮೂರನೆಯದರಲ್ಲಿ ಹೊತ್ತು ಹೋಯಿತು. ಮಂಡಿ ಸವೆದ ಅಜ್ಜಿ, ಉರಿಮೂತ್ರ ಬೇರೆ, ಹೊಸ ಕೇಸ್. ಕೇಳಿದ್ದಕ್ಕೆಲ್ಲ ಸೊಸೆಯದೇ ಉತ್ತರ. ಊಟ ಸೇರುತ್ತದಾ? ಸೇರುತ್ತೆ. ನಿದ್ದೆ? ಬರುತ್ತೆ. ಅಜ್ಜಿ ಅವಳ ಬಾಯನ್ನೇ ನೋಡುತ್ತ ಕೂತಿದ್ದರು, ತಮ್ಮ ಬಗ್ಗೆ ತಮಗೆ ಗೊತ್ತಿಲ್ಲದ್ದೇನೋ ಅಲ್ಲಿಂದ ತಿಳಿಯಲಿದೆ ಎಂಬಂತೆ.

"ಒಂದು ಲೋಟ ನೀರು ಕೊಡ್ತೀರಾ, ಕಾಯಿಸಿ ಆರಿಸಿದ್ದು" ಎಂದೆ. ನನ್ನ ಹಳೆಯ ಉಪಾಯ. ಮನೆಯವರನ್ನು ಹೊರಗೆ ಹೋಗಿ ಎನ್ನಲಾಗುವುದಿಲ್ಲ, ನೀರಿಗೆ ಕಳಿಸಬಹುದು. ಸೊಸೆ ಒಳಗೆ ಹೋದದ್ದೇ ಅಜ್ಜಿ ಬಗ್ಗಿ ಪಿಸುಗುಟ್ಟಿದರು. "ಸಂಜೆ ಆದ್ಮೇಲೆ ನೀರೇ ಕುಡಿಯಲ್ಲ ಕಣಮ್ಮ. ಕುಡಿದ್ರೆ ಎಬ್ಬಿಸ್ಬೇಕಾಗತ್ತೆ. ಪಾಪ, ಅವಳೂ ಮಲಗ್ಲಿ."

ಉರಿಮೂತ್ರಕ್ಕೆ ಕಾರಣ ಸಿಕ್ಕಿತು. ಲೋಟ ಬಂತು. ಕುಡಿದೆ.

ಆಫೀಸಿಗೆ ಬಂದರೆ ಸೂಪರ್‌ವೈಸರ್ ಮೇಡಂ ಕರೆದರು. ಇವರ ವಿಷಯ, ನನ್ನ ಯಜಮಾನರದು. ಸ್ಟ್ರೋಕ್ ಆಗಿ ನಾಲ್ಕು ತಿಂಗಳಾಯಿತು, ಹಗಲು ಆರೈಕೆ ಕೇಂದ್ರದಲ್ಲಿ ಒಂದು ಜಾಗ ಖಾಲಿಯಾಗುತ್ತದೆ, ವ್ಯಾಯಾಮವೂ ಮಾತಿನ ಅಭ್ಯಾಸವೂ ಸಿಗುತ್ತದೆ. ಅದಕ್ಕೆ ಮೊದಲು ನಮ್ಮವರೊಬ್ಬರು ಮನೆಗೆ ಹೋಗಿ ಏನೇನು ಬೇಕೆಂದು ನೋಡಬೇಕು.

"ನಾನೇ ಹೇಳ್ತೀನಲ್ಲ ಮೇಡಂ. ನನಗಿಂತ ಯಾರಿಗೆ ಗೊತ್ತು?"

"ಸ್ವಂತ ಮನೆ ನೋಡೋ ಹಾಗಿಲ್ಲ. ನಿಧಾನಕ್ಕನ್ನ ಕಳಿಸ್ತೀನಿ."

ನಿಧಾನಕ್ಕ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳು. ಊದಿದ ಕಾಲು, ಅಳತೆಗೆ ಸಿಗದ ಕೋಟು. ನಾನು ನಾಲ್ಕು ಮನೆ ಮುಗಿಸುವಷ್ಟರಲ್ಲಿ ಅವಳದು ಒಂದು. "ನಿಧಾನಕ್ಕ ಬಸುರಿ ನೋಡೋಕೆ ಹೋದ್ರೆ, ಹೊರಗೆ ಬರೋ ಹೊತ್ತಿಗೆ ಮಗು ಸ್ಕೂಲಿಗೆ ಸೇರಿರತ್ತೆ" ಎನ್ನುತ್ತಾನೆ ಡ್ರೈವರ್. ಎಲ್ಲರೂ ನಗುತ್ತೇವೆ, ಅವಳೂ. ನನ್ನ ಮನೆಗೆ ಅವಳು.

ಮಾರ್ಚ್ ೬, ಗುರುವಾರ. ಸಂಜೆ

ಮಧ್ಯಾಹ್ನವೇ ರಜೆ ಹಾಕಿ ಬಂದೆ. ಜಾರುವ ಚಾಪೆ ಮಡಚಿ ಅಟ್ಟಕ್ಕೆ. ಮಾತ್ರೆಗಳನ್ನು ಹೊತ್ತಿನ ಪ್ರಕಾರ ಡಬ್ಬಿಗೆ. ಹಾಸಿಗೆಯ ಚಾದರ ಬದಲಾಯಿಸಿದೆ. ಇವರಿಗೆ ಕ್ಷೌರ ಮಾಡಿ, ಶರಟು ತೊಡಿಸಿ, ಕುರ್ಚಿಯಲ್ಲಿ ಕೂರಿಸಿದೆ. ನಾವು ಬರುತ್ತೇವೆಂದು ಗೊತ್ತಾದ ಮನೆಗಳಲ್ಲಿ ಹೀಗೇ ಮಾಡಿರುತ್ತಾರೆ. ಹೊಸ್ತಿಲಲ್ಲೇ ಫಿನೈಲ್ ವಾಸನೆ ಬಂದರೆ ನನಗೆ ಅರ್ಥವಾಗುತ್ತಿತ್ತು. ಇವತ್ತು ಬಾಗಿಲು ತೆರೆದಾಗ ನಿಧಾನಕ್ಕ ಮೂಗು ಒರೆಸಿಕೊಂಡಳು.

ಕುರ್ಚಿ ತೋರಿಸಿದರೆ ಬೇಡವೆಂದು ಮಂಚದ ತುದಿಯಲ್ಲಿ ಕೂತಳು. ಇವರಿಗೆ ತೀರ ಹತ್ತಿರ.

"ಮಾಸ್ಟರ್, ಹೇಗಿದ್ದೀರಿ?"

ಇವರು ಕಟಿಂಗ್ ಮಾಸ್ಟರ್. ಸ್ವಂತ ಟೈಲರ್ ಅಂಗಡಿ. ಕತ್ತರಿ ಹಿಡಿಯುತ್ತಿದ್ದ ಬಲಗೈಯೇ ಹೋಗಿದೆ. ಮಾತು ಇದೆ, ಇಲ್ಲ. ಒಂದು ಪದಕ್ಕೆ ಬಾಯಿ ತೆರೆದರೆ ಅದು ಎಲ್ಲೋ ಒಳಗೆ ಚಪ್ಪಲಿ ಹುಡುಕುತ್ತ ನಿಂತಿರುತ್ತದೆ. ನಾನು ಊಹಿಸಿ ಕೊಡುತ್ತೇನೆ. ಇವರು ತಲೆಯಾಡಿಸುತ್ತಾರೆ. ನಡೆಯುತ್ತದೆ.

"ಪರವಾಗಿಲ್ಲ ಅಂತಾರೆ" ಎಂದೆ.

"ಸ್ನಾನ?"

"ನಾನೇ ಮಾಡಿಸ್ತೀನಿ. ಡ್ಯೂಟಿಗೆ ಹೋಗೋಕೆ ಮುಂಚೆ."

"ಎಲ್ಲಾದ್ರೂ ಬಿದ್ದಿದ್ರಾ?"

"ಇಲ್ಲ. ಒಂದು ಸಲವೂ ಇಲ್ಲ."

ನಿಧಾನಕ್ಕ ಇವರನ್ನು ನೋಡಿದಳು. ಆಮೇಲೆ ನನ್ನನ್ನು. ಆಫೀಸಿನಲ್ಲಿ ನನ್ನನ್ನು ಸಿಸ್ಟರ್ ಎಂದು ಕರೆಯುವವಳು ಹೇಳಿದಳು, "ಮನೆಯವ್ರು ಒಂದು ಲೋಟ ನೀರು ಕೊಡ್ತೀರಾ? ಕಾಯಿಸಿದ್ದು."

ಮನೆಯವರು. ಹೋದೆ. ಇನ್ನೇನು ಮಾಡಲಿಕ್ಕಿತ್ತು. ಅಡುಗೆಮನೆಯಲ್ಲಿ ಪಾತ್ರೆ ಇಟ್ಟು ಗೋಡೆಗೆ ಕಿವಿಯಿಟ್ಟು ನಿಂತೆ. ಬಹಳ ಹೊತ್ತು ಏನೂ ಇಲ್ಲ. ನೀರು ಕುದಿಯಿತು. ಆಮೇಲೆ ನಗು ಕೇಳಿಸಿತು. ಅವಳದಲ್ಲ. ನಾಲ್ಕು ತಿಂಗಳಿಂದ ಈ ಮನೆಯಲ್ಲಿ ಕೇಳದಿದ್ದ ನಗು, ಸ್ವಲ್ಪ ವಾಲಿದ್ದು, ಎಡಗಡೆಯಿಂದ ಮಾತ್ರ ಬರುವಂಥದ್ದು.

ಲೋಟ ತಂದಾಗ ಇಬ್ಬರೂ ಸುಮ್ಮನಿದ್ದರು. ಗಂಡಹೆಂಡಿರ ಹಾಗೆ.

ಮಾರ್ಚ್ ೭

"ಏನಂದ್ರು?" ಆಫೀಸಿನಲ್ಲಿ ಕೈತೊಳೆಯುವಲ್ಲಿ ನಿಧಾನಕ್ಕನನ್ನು ಹಿಡಿದು ಕೇಳಿದೆ.

"ನಿಮಗೂ ಹೇಳ್ಬೋದು ಅಂದಿದ್ದಾರೆ" ಎಂದಳು. ಅಪ್ಪಣೆ ಪಡೆದುಕೊಂಡೇ ಬಂದಿದ್ದಾಳೆ. "ನೀವು ಡ್ಯೂಟೀಲಿರುವಾಗ ಎರಡು ಸಲ ಬಿದ್ದಿದ್ದಾರೆ. ಬಚ್ಚಲಲ್ಲಿ."

"ನನಗೆ ಹೇಳಿಲ್ಲ."

"ಹ್ಞೂಂ. ಹೇಳಿಲ್ಲ."

ಅಷ್ಟೇ. ಸಮಾಧಾನವಿಲ್ಲ, ಉಪದೇಶವಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಬೆನ್ನು ನಾನು ದಿನಾ ಉಜ್ಜುತ್ತೇನೆ. ಸೊಂಟದ ಹತ್ತಿರ ಹಸಿರುಗಟ್ಟಿದ್ದನ್ನು ನೋಡಿದ್ದೆ, ಹಾಸಿಗೆ ಒತ್ತಿ ಆದದ್ದು ಅಂದುಕೊಂಡಿದ್ದೆ.

ಸಂಜೆ ಬಂದವಳೇ ಸ್ಕ್ರೂಡ್ರೈವರ್ ಹುಡುಕಿ ಬಚ್ಚಲ ಬಾಗಿಲಿನ ಚಿಲಕ ಬಿಚ್ಚಿದೆ. ಒಳಗೆ ಬಿದ್ದರೆ ಯಾರಾದರೂ ನುಗ್ಗಬೇಕಲ್ಲ. ಇವರು ನೋಡುತ್ತಿದ್ದರು. "ಅ… ಅದಕ್ಕೇ…" ಎಂದರು.

"ಅದಕ್ಕೇ ನೀವು ಹೇಳಲಿಲ್ಲ ಅಂತ ತಾನೇ? ಗೊತ್ತು ಬಿಡ್ರಿ."

ಮುಖ ತಿರುಗಿಸಿದರು.

ಮಾರ್ಚ್ ೧೩, ಗುರುವಾರ

ಅವಳ ಎರಡನೆಯ ವಿಸಿಟ್. ಬೇಕೆಂದೇ ನನ್ನ ಡ್ಯೂಟಿಯ ಹೊತ್ತಿಗೆ ಇಟ್ಟುಕೊಂಡಿದ್ದಾಳೆ. ಬೆಳಿಗ್ಗೆ ಇವರು ಕಪಾಟಿನತ್ತ ಎಡಗೈ ತೋರಿಸಿದರು. ಬೂದು ಶರಟು ಕೊಟ್ಟೆ, ತಳ್ಳಿದರು. ಬಿಳಿಯದೂ ಬೇಡ. ಗೆರೆಗೆರೆಯದು ಬೇಕು. ಇಸ್ತ್ರಿ ಇಲ್ಲದ್ದು. ಇಸ್ತ್ರಿ ಮಾಡಿಕೊಟ್ಟೆ. ನನ್ನ ಕೈಯಿಂದಲೇ.

ಸಾಯಂಕಾಲ ಸಿಂಕಿನಲ್ಲಿ ಎರಡು ಕಪ್ಪು. ಒಲೆಯ ಪಕ್ಕ ಚಹಾಪುಡಿ ಚೆಲ್ಲಿದೆ, ಸಕ್ಕರೆಗೆ ಇರುವೆ. ಅವಳು ಮಾಡಿದ್ದಲ್ಲ, ಅವಳು ಮಾಡಿದ್ದರೆ ಒರೆಸಿರುತ್ತಿದ್ದಳು. ಗೊತ್ತಿರುವ ಪರೀಕ್ಷೆ ಇದು. ರೋಗಿಯ ಕೈಯಲ್ಲೇ ಒಂದು ಕಪ್ ಚಹಾ ಮಾಡಿಸುವುದು. ಯಾವ ಕೈ, ಎಲ್ಲಿ ತಡವರಿಸುತ್ತದೆ, ಬೆಂಕಿಯ ಎಚ್ಚರ ಇದೆಯಾ ಎಂದು ನೋಡುವುದು. ನಾನೂ ಎಷ್ಟು ಮನೆಗಳಲ್ಲಿ ಮಾಡಿಸಿಲ್ಲ.

ಇವರು ಎಡಗೈಯಲ್ಲಿ ಚಹಾ ಮಾಡಿದ್ದಾರೆ. ಮದುವೆಯಾದಂದಿನಿಂದ ನನಗೊಂದು ದಿನ ಮಾಡಿಕೊಟ್ಟವರಲ್ಲ. ಬಲಗೈ ಗಟ್ಟಿ ಇದ್ದಾಗಲೂ.

ಇರುವೆ ಒರೆಸಿದೆ. ಕಪ್ಪಿನ ತಳದಲ್ಲಿ ಉಳಿದದ್ದನ್ನು ನಾಲಿಗೆಗೆ ತಾಗಿಸಿ ನೋಡಿದೆ. ಸಿಹಿ ಜಾಸ್ತಿ.

ಮಾರ್ಚ್ ೧೪

ಆಫೀಸಿನಲ್ಲಿ ನಿಧಾನಕ್ಕನ ಕೋಟು. ಬಲಭುಜದ ಮೇಲೆ ನೀಲಿ ಗೆರೆ.

ಯಾವ ಗೆರೆ ಎಂದು ಯಾರೂ ಹೇಳಬೇಕಿಲ್ಲ. ಗುರುತು ಹಾಕುವ ಚಾಕ್. ಭುಜ ಎಲ್ಲಿ ಮುಗಿಯಬೇಕು, ತೋಳು ಎಲ್ಲಿಂದ ಶುರುವಾಗಬೇಕು. ಗೆರೆ ನಡುಗಿತ್ತು, ಆದರೆ ಸರಿಯಾದ ಜಾಗದಲ್ಲಿತ್ತು. ಒಂದು ದಿನ ಕಳೆದಿದೆ, ಕೊಡವಿಕೊಂಡಿಲ್ಲ.

"ಇದೇನಕ್ಕಾ, ಯಾರೋ ಅಳತೆ ತಗೊಂಡ ಹಾಗಿದೆ?" ಡ್ರೈವರ್ ಕೇಳಿದ.

"ಹ್ಞೂಂ ಕಣಪ್ಪ, ಭುಜ ಇಳಿದುಬಿಟ್ಟಿದೆಯಂತೆ. ಇಷ್ಟು ವರ್ಷ ಯಾವನೂ ಹೇಳಿರ್ಲಿಲ್ಲ."

"ಕೋಟಿಂದೋ, ನಿಮ್ದೋ?"

ಎಲ್ಲ ನಕ್ಕರು. ನಾನೂ ಹಲ್ಲು ತೋರಿಸಿದೆ.

ಆಮೇಲೆ ಅವಳೇ ನನ್ನ ಹತ್ತಿರ ಬಂದು, "ಮಾಸ್ಟರ್ ಗೋಡೆ ಬಿಟ್ಟು ನಿಂತ್ರು. ಗೆರೆ ಎಳೆಯೋವರೆಗೂ. ನಾನು ಕೈ ಕೊಡ್ಲಿಲ್ಲ, ಹಿಂದೆ ಇದ್ದೆ ಅಷ್ಟೆ" ಎಂದಳು. ಸಂತೋಷದ ಸುದ್ದಿ ಎಂದುಕೊಂಡೇ ಹೇಳಿದಳು. ಅದು ಸಂತೋಷದ ಸುದ್ದಿಯೇ. ಹೀಗೆ ನಿಂತರೆಂದು ಬೇರೆ ಯಾವ ಮನೆಯವರಾದರೂ ಹೇಳಿದ್ದರೆ ನಾನು ಬೆನ್ನು ತಟ್ಟುತ್ತಿದ್ದೆ.

ನನಗೆ ಕಂಡದ್ದು ಬೇರೆ. ಇವರ ಎಡಗೈ ಅವಳ ಭುಜದ ಮೇಲೆ. ಕಣ್ಣು ಕಿರಿದು ಮಾಡಿ, ತಲೆ ಓರೆ ಮಾಡಿ, ಬಟ್ಟೆಯೊಳಗಿನ ಮೂಳೆ ಎಲ್ಲಿದೆಯೆಂದು ನೋಡುವ ಆ ನೋಟ. ನನ್ನ ಮೈಯನ್ನೂ ಒಂದು ಕಾಲಕ್ಕೆ ಹಾಗೆ ನೋಡಿದ್ದರು. ಈಗ ನಾನು ಬಗ್ಗಿ ಅಂಗಿ ತೊಡಿಸುವಾಗ ಇವರ ಕಣ್ಣು ಕಿಟಕಿಯಲ್ಲಿರುತ್ತದೆ.

ಅವಳಿಗೆ ಅರವತ್ತಾಗುತ್ತ ಬಂತು. ಕಾಲು ಎಳೆಯುತ್ತಾಳೆ. ನೋಡುವ ಹಾಗಿದ್ದರಾದರೂ ಒಂದು ಗೌರವವಿರುತ್ತಿತ್ತು, ಈ ಹೊಟ್ಟೆಕಿಚ್ಚಿಗೆ.

ಮಾರ್ಚ್ ೧೭, ಸೋಮವಾರ

ಮೇಡಂ ಹತ್ತಿರ ಹೋದೆ. ಇವರ ಕೇಸನ್ನು ಬೇರೆಯವರಿಗೆ ಕೊಡಿ ಎಂದೆ.

"ಯಾಕೆ?"

"ನಿಧಾನ ಆಗ್ತಿದೆ."

"ಇದೇನು ಹೊಸ ಸುದ್ದೀನಾ?"

"ಜಾಗ ಬೇರೆಯವರ ಪಾಲಾದ್ರೆ? ಮೇಲಾಗಿ ಒಲೆ ಹತ್ರ ನಿಲ್ಸಿದ್ದಾರೆ, ಗೋಡೆ ಬಿಡಿಸಿದ್ದಾರೆ. ಎರಡು ಸಲ ಬಿದ್ದವರನ್ನ."

ಒಂದೂ ಸುಳ್ಳಲ್ಲ. ಹೇಗೆ ಜೋಡಿಸಿದರೆ ಏನು ಕಾಣುತ್ತದೆಂದು ನನಗೆ ಗೊತ್ತು. ಮೇಡಂ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಇನ್ನೊಬ್ಬಳಿಗೆ ಕೊಟ್ಟರು. ಚಿಕ್ಕವಳು, ಚುರುಕು, ಸ್ಕೂಟರಿನಲ್ಲಿ ಓಡಾಡುತ್ತಾಳೆ. ನಾನೇ ಕೆಲಸ ಕಲಿಸಿದವಳು.

ಮಾರ್ಚ್ ೨೦

ಸ್ಕೂಟರ್ ಬಂತು, ಹೋಯಿತು. ಬಿಪಿ ನೋಡಿದಳು, ಕಾಲೆತ್ತಿಸಿದಳು, ಕೇಳಿದಳು. ಇವರು ಬಾಯಿ ತೆರೆದರು. ಅವಳು ನನ್ನ ಕಡೆ ತಿರುಗಿದಳು. ನಾನು ಹೇಳಿದೆ. ಎಷ್ಟು ಚೆನ್ನಾಗಿ ಕಲಿಸಿದ್ದೇನೆ.

ಇವರು ಗೆರೆಗೆರೆಯ ಶರಟಿನಲ್ಲಿದ್ದರು. ಅವಳ ಹಿಂದೆ ಇನ್ನೊಬ್ಬರು ಬರುತ್ತಾರೇನೋ ಎಂದು ಬಾಗಿಲನ್ನೇ ನೋಡುತ್ತಿದ್ದರು. "ನಿಧಾನಕ್ಕನ್ನ ಬೇರೆ ಕಡೆ ಹಾಕಿದ್ದಾರಂತೆ" ಎಂದೆ.

ಏಪ್ರಿಲ್ ೯, ಬುಧವಾರ

ಬರೆಯುವಂಥದ್ದೇನೂ ಇರಲಿಲ್ಲ. ಇದೆಯೆಂದರೆ ಒಂದೇ: ಇವರು ಬಾಯಿ ತೆರೆಯುವುದನ್ನೇ ಬಿಟ್ಟಿದ್ದಾರೆ. ಕೋಪವಿಲ್ಲ, ಜಗಳವಿಲ್ಲ. ಅನ್ನ ಕೊಟ್ಟರೆ ತಿನ್ನುತ್ತಾರೆ. ಸ್ನಾನಕ್ಕೆ ಕರೆದರೆ ಮಂಚದ ಅಂಚು ಹಿಡಿದುಕೊಳ್ಳುತ್ತಾರೆ, ಎಡಗೈಯಲ್ಲಿ, ಗಟ್ಟಿಯಾಗಿ. ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದೇನೆ. ಮೈ ನನಗೆ ಬಿಟ್ಟುಕೊಟ್ಟು ಇವರು ಎಲ್ಲೋ ಹೋಗಿಬಿಡುತ್ತಾರೆ.

ಇವತ್ತು ಸ್ಕೂಟರ್ ಹುಡುಗಿ ಹೇಳಿದಳು, ನಯವಾಗಿಯೇ. "ಸಿಸ್ಟರ್, ಮಾಸ್ಟರ್‌ಗೆ ಮಾತು ಪೂರ್ತಿ ಹೋದ ಹಾಗಿದೆ. ಕೇಂದ್ರದಲ್ಲಿ ಮಾತಿಗೆ ಸ್ವಲ್ಪನಾದ್ರೂ ಸ್ಪಂದಿಸೋರನ್ನ ಮಾತ್ರ ತಗೋತಾರೆ. ಸೋಮವಾರ ಬೇರೆಯವ್ರ ಹೆಸರು ಕಳಿಸ್ತಾರೆ. ಮನೇಲೇ ಚೆನ್ನಾಗಿ ನೋಡ್ಕೋತಿದ್ದೀರಲ್ಲ, ಬಿಡಿ."

ಹೌದು. ಇನ್ನು ಯಾರೂ ಬರುವುದಿಲ್ಲ. ಕೇಂದ್ರದ ವ್ಯಾನೂ ಇಲ್ಲ, ಮಂಚದ ತುದಿಯಲ್ಲಿ ಕೂರುವವರೂ ಇಲ್ಲ. ಪೂರ್ತಿ ನನ್ನವರು. ಹುಡುಗಿ ಹೋದ ಮೇಲೆ ಕೈ ತೊಳೆದೆ, ಮತ್ತೆ ತೊಳೆದೆ.

ಏಪ್ರಿಲ್ ೧೦

ನಿಧಾನಕ್ಕ ಆಫೀಸಿನ ಮೆಟ್ಟಿಲಲ್ಲಿ ಕೂತು ಕಾಲು ನೀವಿಕೊಳ್ಳುತ್ತಿದ್ದಳು. ದಾಟಿ ಹೋಗಲು ಜಾಗವಿರಲಿಲ್ಲ.

"ಬದಲಾಯಿಸ್ದೋರು ನೀವೇ ಅಂತೆ."

"ಹೌದಕ್ಕ."

"ಆಯ್ತು ಬಿಡಿ. ನಿಮ್ಮ ಮನೆ ಮೆಟ್ಟಿಲು ಜಾಸ್ತಿ, ಕಾಲು ಉಳೀತು."

ಅದಕ್ಕೂ ನನಗೆ ಉರಿಯಿತು. ಅಷ್ಟು ಸುಲಭವಾಗಿ ಬಿಟ್ಟುಕೊಡುವುದಾ ಇವರನ್ನು. "ಅವರ ಹತ್ರ ಏನು ಮಾತಾಡ್ತಿದ್ರಿ?" ಎಂದೆ.

"ನಾನೆಲ್ಲಿ ಮಾತಾಡ್ದೆ? ಮೂರು ಮಹಡಿ ಹತ್ತಿ ಬಂದಿರ್ತಿದ್ದೆ. ಉಸಿರು ಬಿಡ್ತಾ ಕೂತ್ಕೊಂಡ್ರೆ ಅವರೇ ಏನೋ ಶುರು ಮಾಡೋರು. ನಂಗಂತೂ ಏಳೋಕಾಗ್ತಿರ್ಲಿಲ್ಲ, ಅವರ್ದು ಮುಗಿಯೋವರೆಗೂ ಕೂತಿದ್ದೆ." ಕಾಲು ನೀವುತ್ತಲೇ, "ಅರ್ಧಕ್ಕರ್ಧ ನಿಮ್ಮ ಮಾತೇ" ಎಂದಳು.

"ಏನಂತ?"

"ಅದನ್ನ ಹೇಳ್ಬೋದು ಅಂದಿಲ್ಲ."

ಮೇಡಂ ಹತ್ತಿರ ಹೋಗಿ ನಿಧಾನಕ್ಕನನ್ನೇ ವಾಪಸು ಕೊಡಿ ಎಂದೆ.

"ಇದೇನು ಬಟ್ಟೆ ಅಂಗಡೀನಾ, ಹಾಕ್ಕೊಂಡು ನೋಡಿ ಬದಲಾಯಿಸೋಕೆ?"

ಮೇಜಿನ ಮುಂದಿನಿಂದ ಕದಲಲಿಲ್ಲ. ಕೊನೆಗೆ ಅವರೇ ಅಂದರು, "ಸೋಮವಾರದೊಳಗೆ ಮಾಸ್ಟರ್ ಹೇಳ್ಲಿ. ಯಾರು ಬರ್ಬೇಕು, ಕೇಂದ್ರಕ್ಕೆ ಹೋಗ್ತಾರಾ ಇಲ್ವಾ. ಅವರ ಬಾಯಿಂದ ಬರ್ಬೇಕು. ನಿಮ್ಮ ಬಾಯಿಂದ ಅಲ್ಲ."

ಏಪ್ರಿಲ್ ೧೨, ಶನಿವಾರ. ಸಂಜೆ ನಾಲ್ಕು

ಮಂಚದ ತುದಿಯಲ್ಲಿ ಕೂತಿದ್ದೇನೆ. ತೊಡೆಯ ಮೇಲೆ ಇದನ್ನು ಇಟ್ಟುಕೊಂಡು ಬರೆಯುತ್ತಿದ್ದೇನೆ. ಕೈಗೆ ಕೆಲಸವಿದ್ದರೆ ಬಾಯಿ ಮುಚ್ಚಿರುತ್ತದೆ, ಅಷ್ಟಕ್ಕೇ.

ಇವರಿಗೆ ಎಲ್ಲ ಹೇಳಿದೆ. ಅವಳನ್ನು ತಪ್ಪಿಸಿದ್ದು ನಾನು ಎಂದೆ. ಯಾಕೆ ಎಂದು ಇವರು ಕೇಳಲಿಲ್ಲ. ನಾನೇ ಹೇಳಿದೆ. "ಅವರ ಭುಜಕ್ಕೆ ಗೆರೆ ಹಾಕಿದ್ರಲ್ಲ, ಅದಕ್ಕೆ." ತುಟಿಯ ಎಡತುದಿ ಸ್ವಲ್ಪ ಅಲುಗಿತು. ನಗುವೋ ಏನೋ.

ನಿಧಾನಕ್ಕ ಬರಬೇಕಾ ಎಂದೆ. ತಲೆಯಾಡಿಸಿದರು. ಬಾಯಲ್ಲಿ ಹೇಳಬೇಕಂತೆ ಎಂದೆ. "ಬ…" ಕಿಟಕಿಯ ಬಿಸಿಲು ಮೇಜಿನಿಂದ ಇಳಿದು ನೆಲಕ್ಕೆ ಬಂತು. "ಬ… ರಲಿ."

ಕೇಂದ್ರಕ್ಕೆ? "ಹೋ… ಗ್ತೀನಿ." ಇದು ಬೇಗ ಬಂತು. ಚುಚ್ಚಿತು.

ಸೋಮವಾರಕ್ಕೆ ಬೇಕಾದದ್ದು ಸಿಕ್ಕಿತು, ಮೇಡಂಗೂ ಇವರೇ ಹೇಳಬಲ್ಲರು. ಏಳಬಹುದಿತ್ತು. ಏಳಲಿಲ್ಲ. ಯಾರೂ ಕೇಳೆಂದು ಹೇಳದ್ದನ್ನು ಕೇಳಿದೆ. "ನಾನು ಸ್ನಾನ ಮಾಡಿಸೋದು ಬೇಡ್ವಾ? ನಾನು ಬೇಡ್ವಾ?"

ಆಗಿನಿಂದ ಕೂತಿದ್ದೇವೆ. ಕೆಳಗೆ ಯಾರೋ ಬಕೆಟ್ಟು ಎಳೆಯುತ್ತಿದ್ದಾರೆ. ಮೂರು ಉತ್ತರ ನನ್ನ ನಾಲಿಗೆಯ ತುದಿಯಲ್ಲಿವೆ, ಮೂರನ್ನೂ ಇವರ ಬಾಯಿಗಿಡುವಷ್ಟು ಅಭ್ಯಾಸವಿದೆ. ಬರೆಯುತ್ತಿದ್ದೇನೆ.

"ನಿನ್ನ… ಕೈ" ಎಂದರು.

ಬಕೆಟ್ಟು ನಿಂತಿತು.

"ಅವ… ಸರ."

ಸರಿ. ಬರೆದುಕೊಂಡೆ. ಪೆನ್ನು ಇಡಬಹುದು ಎಂದುಕೊಳ್ಳುವಷ್ಟರಲ್ಲಿ ಇವರ ಎಡಗೈ ಮೇಲೆದ್ದಿತು, ತಡಿ ಎನ್ನುವ ಹಾಗೆ. ಇನ್ನೂ ಇದೆಯಂತೆ. ಕಣ್ಣು ಕಿಟಕಿಯಲ್ಲಿಲ್ಲ.

"ಆದ್ರೂ…"

ಕಾಯುತ್ತಿದ್ದೇನೆ. ತುಟಿ ಕೂಡಿತು, ಬಿಟ್ಟಿತು. ಮತ್ತೆ ಕೂಡಿದೆ, ‘ಬ’ಗೆ ಕೂಡುವ ಹಾಗೆ, ಈಗ…