ಕಾಡಿಗೆ ಹಚ್ಚಿ ಎಣಿಸಿದ ಊರು

ಅಪ್ಪನ ಅಕ್ಕನಾಗಿದ್ದು ಆಮೇಲೆ ನನ್ನ ಗಂಡನ ತಾಯಿಯೂ ಆದ ನನ್ನ ಅತ್ತೆಗೆ,

ನೀನು ಇದ್ದಿದ್ದರೆ ಈ ಸುದ್ದಿಯನ್ನು ನನಗಿಂತ ಮೊದಲೇ ಊರಿಗೆಲ್ಲ ಸಾರಿ ಬಂದಿರುತ್ತಿದ್ದೆ. ಈಗ ನಾನೇ ಬರೆಯಬೇಕು. ಅವಸರ ಮಾಡಬೇಡ, ಮೊದಲಿನಿಂದ ಹೇಳುತ್ತೇನೆ.

ತಂಬ್ರಹಳ್ಳಿಯ ಮಾಸ್ತರರು ಜನಗಣತಿಗೆಂದು ನಮ್ಮ ಕಟ್ಟೆಯ ಮೇಲೆ ಬಂದು ಕುಳಿತ ಆ ಮಧ್ಯಾಹ್ನ ನೆನಪಿದೆಯಾ? ನನ್ನ ಮಗಳು ಶಾಂತ ಆಗಿನ್ನೂ ತೊಟ್ಟಿಲ ಕೂಸು. "ನಾನು, ಮಗ, ಸೊಸಿ. ಅಷ್ಟ ರೀ ನಮ್ಮನ್ಯಾಗ" ಎಂದೆ ನೀನು. ಅಷ್ಟರಲ್ಲಿ ಒಳಗೆ ಕೂಸು ಕಿರುಚಿತು. ಮಾಸ್ತರರು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದರು. "ಅದು ಆಡಿನ ಮರಿ ರೀ" ಎಂದುಬಿಟ್ಟೆಯಲ್ಲ! ಮಕ್ಕಳನ್ನು ಎಣಿಸಿದರೆ ದೃಷ್ಟಿ ತಾಗುತ್ತದೆ ಎಂಬುದು ನಿನ್ನ ಹೆದರಿಕೆ. ನನ್ನ ಗಂಡನ ಬೆನ್ನಿಗೆ ಹುಟ್ಟಿದ ಎರಡು ಕೂಸುಗಳನ್ನು ಮಣ್ಣಿಗೆ ಕೊಟ್ಟವಳಿಗೆ ಯಾರು ಏನು ಹೇಳಬೇಕು? ನಿನ್ನನ್ನು ನೋಡಿ ಊರಿನ ಹೆಂಗಸರೆಲ್ಲ ಹಾಗೇ ಹೇಳಿದರು. ಆ ವರ್ಷ ನಮ್ಮೂರಿನಲ್ಲಿ ಮಕ್ಕಳೇ ಇರಲಿಲ್ಲ, ಬರೀ ಆಡಿನ ಮರಿಗಳು.

ಬಸ್ಸು ಬಿಡಿ ಎಂದು ಕೇಳಲು ಹಗರಿಬೊಮ್ಮನಹಳ್ಳಿಗೆ ಹೋದಾಗಲೂ ನೀನೇ ಮುಂದೆ. ಏಳನೇ ತರಗತಿ ಮುಗಿದ ನಮ್ಮೂರ ಹುಡುಗಿಯರು ಮನೆಯಲ್ಲೇ ಉಳಿಯುತ್ತಿದ್ದರು. ಜಾಲಿಗಿಡಗಳ ನಡುವಿನ ಆ ದಾರಿಯಲ್ಲಿ ಹೈಸ್ಕೂಲಿಗೆ ನಡೆಸಿ ಯಾರು ಕಳಿಸುತ್ತಾರೆ? ನಾನೂ ಏಳಕ್ಕೇ ನಿಂತವಳು. ಶಾಂತ ಹಾಗೆ ನಿಲ್ಲಬಾರದು ಎಂಬುದೊಂದೇ ನನ್ನ ಹಟ. ಬಸ್ ಡಿಪೋದ ಸಾಹೇಬರು ಜನಗಣತಿಯ ಕಾಗದ ತೆಗೆದು ನೋಡಿದರು. "ನಿಮ್ಮೂರಾಗ ಮಂದೀನ ಇಲ್ಲಲ್ಲಮ್ಮ, ಖಾಲಿ ಬಸ್ ಯಾಕ ಓಡಸೋಣ?"

"ಮಂದಿ ಇಲ್ಲಾಂದ್ರ ನಿನ್ನ ಮುಂದ ನಿಂತೋರು ಯಾರಪ್ಪಾ?" ಎಂದೆ ನೀನು. ಅವರು ನಕ್ಕರು. ವಾಪಸ್ ಬರುವಾಗ ಊರು ಕಂಡ ಮೇಲೆ, "ನಾವ ಮಕ್ಕಳನ್ನ ಮುಚ್ಚಿಟ್ವಲ್ಲ..." ಎಂದೆ ನೀನು.

ಮುಂದಿನ ಗಣತಿಯ ಬೆಳಿಗ್ಗೆ ನೀನು ಕಾಡಿಗೆಯ ಬಟ್ಟಲು ಹಿಡಿದು ಮಾಸ್ತರರಿಗಿಂತ ಮುಂದೆ ಮನೆಮನೆಗೆ ನಡೆದೆ. ಪ್ರತಿ ಮಗುವಿನ ಗಲ್ಲಕ್ಕೂ ದೃಷ್ಟಿಬೊಟ್ಟು ಇಟ್ಟು, "ಈಗ ಬರಕೊಳ್ರಿ" ಎನ್ನುತ್ತಿದ್ದೆ. ಕೊನೆಮನೆಯ ಹಂಪಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಎಣಿಸಿದ್ರ ನನ್ನ ಕೂಸಿಗೆ ಏನಾರ ಆದ್ರ?"

"ಆದ್ರ ನನ್ನ ಕೇಳು. ಸಾಲಿ ತಪ್ಪಿದ್ರ ಯಾರನ್ನ ಕೇಳ್ತಿಯವ್ವ?"

ಗಟ್ಟಿಯಾಗಿಯೇ ಹೇಳಿದೆ ನೀನು. ಆದರೆ ಶಾಂತಳಿಗೆ ಗಲ್ಲಕ್ಕೊಂದು ಸಾಲದೆಂದು ಅಂಗಾಲಿಗೂ ಬೊಟ್ಟು ಇಟ್ಟೆ. ನಾನೊಬ್ಬಳೇ ನೋಡಿದೆ. ಹೆದರಿಕೆ ಹೋಗಿರಲಿಲ್ಲ, ಆದರೂ ಎಣಿಸಲು ಬಿಟ್ಟೆ. ಅವತ್ತಿನಷ್ಟು ನಿನ್ನ ಮೇಲೆ ಪ್ರೀತಿ ನನಗೆ ಎಂದೂ ಬಂದಿರಲಿಲ್ಲ ಅತ್ತೆ.

ನೀನು ತೀರಿಕೊಂಡ ವರ್ಷದ ಮಳೆಗಾಲಕ್ಕೇ ಬಸ್ಸು ಬಂತು. ಸ್ವಲ್ಪ ತಡೆಯಬಾರದಿತ್ತೇ? ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಹುಡುಗಿಯರೇ ತುಂಬಿಕೊಂಡು, ಸಂತೆಗೆ ಹೋಗುವ ಗಂಡಸರಿಗೆ ಸೀಟೇ ಸಿಗುವುದಿಲ್ಲ ಎಂದು ನಿನ್ನ ಮಗ ದಿನಾ ಗೊಣಗುತ್ತಾನೆ. ಗೊಣಗಲಿ. ಶಾಂತ ಈಗ ಹತ್ತನೇ ತರಗತಿ.

ಮೊನ್ನೆ ಕೊಟ್ಟೂರಿನ ಕಡೆಯಿಂದ ನೆಂಟರು ಅವಳನ್ನು ಕೇಳಲು ಬಂದಿದ್ದರು. ಒಳ್ಳೆಯ ಮನೆತನ, ಹೊಲ, ಅಂಗಡಿ ಎಲ್ಲ ಇದೆ. ನಿನ್ನ ಮಗ ನನ್ನ ಮುಖ ನೋಡಿದ. "ಹುಡುಗಿ ಮನ್ಯಾಗಿಲ್ರಿ, ಸಾಲಿಗೆ ಹೋಗ್ಯಾಳ. ಇನ್ನೂ ಓದ್ತಾಳ" ಎಂದೆ ನಾನು. ಒಗ್ಗರಣೆ ಮಂಡಕ್ಕಿ ತಿನ್ನಿಸಿ, ಚಹಾ ಕುಡಿಸಿ, ಮರ್ಯಾದೆಗೆ ಏನೂ ಕಮ್ಮಿ ಮಾಡಲಿಲ್ಲ. ಸಂಜೆ ಶಾಂತ ಬಸ್ಸಿನಿಂದ ಇಳಿದಳು. ನೆಂಟರನ್ನು ಅದೇ ಬಸ್ಸಿಗೆ ಹತ್ತಿಸಿ ಕಳಿಸಿದೆ.