ನೀಲಿ ದಾರದ ಲಕೋಟೆ

ಮಾರ್ಕಾಲಾ,
ನವೆಂಬರ್ 27, ಬುಧವಾರ

ಮಗಳು ನೊಲ್ವಿಯಾಗೆ,

ನಿನ್ನ ತಾಯಿ ಕಸಿಮಿರಾ ಬರೆಯುವುದು. ಮೊಣಕಾಲೊಂದು ಬಿಟ್ಟರೆ ನಾನು ಚೆನ್ನಾಗಿದ್ದೇನೆ. ನೀನು, ನಿನ್ನ ಗಂಡ, ನಿಮ್ಮ ಹೊಸ ಮನೆ, ಎಲ್ಲ ಚೆನ್ನಾಗಿರಬೇಕು. ಕುಶಲ ಇಷ್ಟೇ. ಈಗ ವಿಷಯ.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಕೂಗುತ್ತೇನೆ, ನೀನು ಇಟ್ಟುಬಿಡುತ್ತೀಯ. ಹದಿನಾಲ್ಕು ವರ್ಷದಿಂದ ನಮ್ಮಿಬ್ಬರ ಮಾತು ಹೀಗೇ ನಡೆದಿದೆ. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ನಿಧಾನವಾಗಿ ಬರೆಯುತ್ತೇನೆ. ನೀನೂ ನಿಧಾನವಾಗಿ ಓದು.

ಇವೆತ್‌ಳ ಧ್ಯಾನಕೂಟಕ್ಕೆ ನೀನು ನಿನ್ನ ಮಗಳಿಗೆ ಅಂತ ಕಳಿಸಿದ ಪತ್ರ ಅವಳ ಚೀಲದೊಳಗೆ ಬೀಳಲಿಲ್ಲ. ಬಸ್ಸಿನವನ ತಪ್ಪಿಲ್ಲ, ಚರ್ಚಿನ ಹುಡುಗರ ತಪ್ಪೂ ಇಲ್ಲ. ನಾನು ತೆಗೆದಿಟ್ಟುಕೊಂಡೆ.

ಈಗ ಕುರ್ಚಿ ಎಳೆದುಕೊಂಡು ಕುಳಿತುಕೋ, ಇನ್ನೂ ಇದೆ.

ಧ್ಯಾನಕೂಟ ನಡೆಯುವ ಆ ಬೆಟ್ಟದ ಮನೆಯ ಅಡುಗೆ ಇಪ್ಪತ್ತೊಂದು ವರ್ಷ ನನ್ನದಾಗಿತ್ತು, ನಿನಗೆ ಗೊತ್ತು. ಮಕ್ಕಳು ಮೂರು ದಿನ ಪ್ರಾರ್ಥನೆ, ಹಾಡು, ಅಳು ಅಂತ ಒಳಗಿರುತ್ತಾರೆ. ಅಡುಗೆಯವರು ಗೋಡೆಯ ಈಚೆ. ನಮ್ಮ ಮುಖ ಅವರಿಗೆ ಕಾಣಬಾರದು. ಕಿಂಡಿಯಲ್ಲಿ ತಟ್ಟೆ ತಳ್ಳುವುದು, ಖಾಲಿ ತಟ್ಟೆ ಎಳೆದುಕೊಳ್ಳುವುದು. ಕೊನೆಯ ದಿನ ಮಾತ್ರ ಸಾಲಾಗಿ ಹೊರಗೆ ಬರುವುದು, ಅವರು ಚಪ್ಪಾಳೆ ಹೊಡೆಯುವುದು. ವರ್ಷವಿಡೀ ನನಗೆ ಯಾರೂ ಚಪ್ಪಾಳೆ ಹೊಡೆಯುವುದಿಲ್ಲ, ಆ ಒಂದು ದಿನ ಹೊಡೆಯುತ್ತಾರೆ.

ಈ ವರ್ಷ ಯುವಕರ ಮುಖಂಡ ಎಲ್ವಿನ್, ಮೀಸೆಯೂ ಸರಿಯಾಗಿ ಮೂಡದವನು, ಮನೆಗೆ ಬಂದು ಹೇಳಿದ: "ದೋನ್ಯಾ ಕಸಿಮಿರಾ, ನಿಮ್ಮ ಮಂಡಿ ನೋವು ಜಾಸ್ತಿ ಆಗಿದೆ. ಸೌಟು ಈ ಸಲ ಒರ್ಫಿಲಿಯಾ ಅವರ ಕೈಗೆ ಕೊಡೋಣ ಅಂತ. ನೀವು ಕೂತ್ಕೊಂಡು ಪತ್ರ ಚೀಲಕ್ಕೆ ಹಾಕಿ ಸಾಕು."

"ನನ್ನ ಮಂಡಿ ಕಾಳು ಬೇಯಿಸುತ್ತದೇನೋ? ಕೈ ಬೇಯಿಸೋದು," ಅಂದೆ.

ಅವನು ನಕ್ಕ. ಫಾದರ್ ನಹೂಮ್ ಹೇಳಿದ್ದಾರೆ ಅಂದ. ಫಾದರ್ ಹೆಸರು ತಂದರೆ ನಾನೇನು ಮಾಡಲಿ? ಕಾಳಿನ ಹಂಡೆ ಮಾತ್ರ ನಾನೇ ನೋಡುತ್ತೇನೆ, ಉಳಿದದ್ದನ್ನು ಆ ಒರ್ಫಿಲಿಯಾ ಸೀಯಿಸಿಕೊಳ್ಳಲಿ ಅಂತ ಒಪ್ಪಿದೆ. ಒರ್ಫಿಲಿಯಾ ಬೇಕರಿ ಬೀದಿಯವಳು. ಕೋಳಿ ಅನ್ನಕ್ಕೆ ಸಕ್ಕರೆ ಹಾಕುವವಳು. ನಾನು ಈ ವರ್ಷ ಹೋಗುವುದಿಲ್ಲ, ಮನೆಯಲ್ಲಿ ಮಂಡಿಗೆ ಎಣ್ಣೆ ತಿಕ್ಕಿಕೊಂಡು ಕೂತಿರುತ್ತೇನೆ ಅಂತ ಇವೆತ್‌ಗೆ ಹೇಳಿದೆ. ಅಡುಗೆಗೆ ಯಾರು ಬರುತ್ತಾರೆ ಅಂತ ಮಕ್ಕಳಿಗೆ ಹೇಳಬಾರದು. ನಿಯಮ ಅದು, ಸುಳ್ಳಲ್ಲ.

ಶುಕ್ರವಾರ ಮೇಜಿನ ಮೇಲೆ ನಲವತ್ತು ಬಟ್ಟೆ ಚೀಲ, ಒಂದೊಂದರ ಮೇಲೆ ಒಂದೊಂದು ಮಗುವಿನ ಹೆಸರು. ಮನೆಯವರಿಂದ ಗುಟ್ಟಾಗಿ ತರಿಸಿದ ಪತ್ರಗಳ ರಾಶಿ. ಶನಿವಾರ ಮಧ್ಯಾಹ್ನ ಮಕ್ಕಳ ಕೈಗೆ ಚೀಲ ಹೋಗುತ್ತದೆ, ನಮ್ಮನ್ನು ಇಷ್ಟು ಜನ ನೆನೆಯುತ್ತಾರಾ ಅಂತ ಅವರು ಅಳುತ್ತಾರೆ. ನಾನು ಅಕ್ಷರ ಕೂಡಿಸಿ ಕೂಡಿಸಿ ಹೆಸರು ಓದಿ ಹಾಕುತ್ತಿದ್ದೆ. ಇವೆತ್ ಚೀಲಕ್ಕೆ ನನ್ನದೊಂದು ಹಾಕಿದೆ. ನಾಲ್ಕು ಸಾಲು. ಸ್ವೆಟರ್ ಕಳೆಯಬೇಡ, ಹಾಡುವಾಗ ಕಿರುಚಬೇಡ, ದೇವರ ಮಾತು ಕೇಳು, ನಿನ್ನ ಅಜ್ಜಿ. ಒರ್ಫಿಲಿಯಾ ಕೂಡ ಅವಳಿಗೆ ಬರೆದಿದ್ದಳು, ಅಂಚಿಗೆಲ್ಲ ಹೂ ಬಿಡಿಸಿ. ಆ ಹೂವನ್ನು ನೋಡಿ ಆಗಲೇ ಹೊಟ್ಟೆ ಉರಿದಿತ್ತು.

ಆಮೇಲೆ ಎಲ್ವಿನ್ ನಿನ್ನದು ತಂದು ಕೊಟ್ಟ. "ಸಾನ್ ಪೆದ್ರೋ ಬಸ್ಸಲ್ಲಿ ಬಂತು ದೋನ್ಯಾ. ನೋಡಿ, ಹೊಲಿದಿದ್ದಾರೆ!"

ನಾಲ್ಕೂ ಕಡೆ ನೀಲಿ ದಾರದ ಮೆಷಿನ್ ಹೊಲಿಗೆ. ಕಾರ್ಖಾನೆಯಲ್ಲಿ ಅಂಗಿ ಹೊಲಿಯುವ ಕೈ, ಲಕೋಟೆಯನ್ನೂ ಬಿಡಲಿಲ್ಲ. ಕೈಯಲ್ಲಿಟ್ಟು ತೂಗಿದೆ. ಒಳ್ಳೆ ಗಿಣ್ಣಿನ ತುಂಡಿನ ಹಾಗೆ ಭಾರ.

ನಿನಗೆ ನೇರವಾಗಿ ಹೇಳುತ್ತೇನೆ. ನನಗೆ ಆ ಭಾರ ಸಹಿಸಲಾಗಲಿಲ್ಲ. ಹೆತ್ತವಳು ನೀನು, ಒಪ್ಪಿದೆ. ಹೇನು ತೆಗೆದವಳು ನಾನು. ಉಬ್ಬಸ ಬಂದಾಗ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದವಳು ನಾನು. ಮೊದಲ ಸಲ ಮುಟ್ಟಾದಾಗ ಸಾಯುತ್ತೇನೆ ಅಂತ ಕೋಳಿಗೂಡಿನ ಹಿಂದೆ ಅಡಗಿ ಕೂತವಳನ್ನು ಎಳೆದು ತಂದವಳು ನಾನು. ನೀನು ವರ್ಷಕ್ಕೆರಡು ಸಲ ಹೊಸ ಶೂ ಹಿಡಿದು ಬರುತ್ತೀಯ, ಅವಳು ಆ ಶೂ ಹಾಕಿಕೊಂಡು ಮಲಗುತ್ತಾಳೆ. ನಾನು ಹೊಲಿಸಿಕೊಟ್ಟ ಲಂಗ ಚುಚ್ಚುತ್ತದಂತೆ. ಹದಿನಾರು ವರ್ಷದವಳ ಮುಂದೆ ನನ್ನ ನಾಲ್ಕು ಸಾಲು, ನಿನ್ನ ಈ ದಪ್ಪ ಕಟ್ಟು. ಯಾವುದನ್ನು ಎದೆಗೆ ಒತ್ತಿಕೊಳ್ಳುತ್ತಾಳೆ ಅಂತ ನನಗೆ ಯಾರೂ ಹೇಳಬೇಕಾಗಿಲ್ಲ.

ಅದಕ್ಕಿಂತ ಇನ್ನೊಂದು ಹೆದರಿಕೆ ಇತ್ತು. ಈ ವರ್ಷ ಅವಳ ಒಂಬತ್ತನೇ ಕ್ಲಾಸು ಮುಗಿಯಿತು. ಮುಂದೆ ಓದಿಸಲು ಅವಳನ್ನು ಕರೆದುಕೊಂಡು ಹೋಗುವುದಕ್ಕೇ ಬರೆದಿದ್ದೀಯ ಅಂತ ಅನ್ನಿಸಿತು. ಲಕೋಟೆಯನ್ನು ಏಪ್ರನ್ನಿನೊಳಗೆ ಸೇರಿಸಿಬಿಟ್ಟೆ. ಬಿಚ್ಚಲಿಲ್ಲ. ಧ್ಯಾನಕೂಟ ಮುಗಿದ ಮೇಲೆ ಕೊಡೋಣ, ಕ್ರಿಸ್‌ಮಸ್ ಕಳೆದ ಮೇಲೆ ಕೊಡೋಣ ಅಂತ ನನಗೆ ನಾನೇ ಹೇಳಿಕೊಂಡೆ.

ಶನಿವಾರ ಮೂರು ಗಂಟೆಗೆ ಚೀಲ ಹಂಚಿದರು. ಕಿಂಡಿಯ ಬಾಗಿಲನ್ನು ಎರಡು ಬೆರಳಷ್ಟು ಸರಿಸಿ ನೋಡಿದೆ. ಇವೆತ್ ಕಂಬಕ್ಕೆ ಒರಗಿ ಕೂತಿದ್ದಳು. ನನ್ನದನ್ನು ಓದಿ ನಕ್ಕಳು. ಒರ್ಫಿಲಿಯಾಳದ್ದನ್ನು ಓದಿ ಕಣ್ಣು ಒರೆಸಿಕೊಂಡಳು. ಏಳು ಪತ್ರ ಮುಗಿಯಿತು. ಆಮೇಲೆ ಚೀಲದೊಳಗೆ ಕೈ ಹಾಕಿದಳು. ಇಲ್ಲ. ಮತ್ತೆ ಹಾಕಿದಳು. ಚೀಲವನ್ನು ಒಳಹೊರಗು ಮಾಡಿ ಕೊಡವಿದಳು, ಹೊಲಿಗೆಯ ಮೂಲೆಗೂ ಬೆರಳು ತೂರಿಸಿ ನೋಡಿದಳು. ಆಮೇಲೆ ಅದನ್ನು ಮಡಚಿ ಮಡಚಿ ಅಂಗೈಯಷ್ಟು ಚಿಕ್ಕದು ಮಾಡಿ ಅದರ ಮೇಲೆ ಕೂತುಬಿಟ್ಟಳು.

ಸ್ವಲ್ಪ ಹೊತ್ತಿಗೆ ಎಲ್ವಿನ್ ಹಿಂದಿನ ಬಾಗಿಲಿನಿಂದ ಬಂದ. "ದೋನ್ಯಾ, ಇವೆತ್ ಅಮ್ಮನ ಪತ್ರ ನಾನೇ ನಿಮ್ಮ ಕೈಗೆ ಕೊಟ್ಟಿದ್ದೆನಲ್ಲಾ?"

"ನನ್ನ ಕೈಗೆ ಇಡೀ ಊರಿನ ಪತ್ರ ಕೊಟ್ಟಿದ್ದೀಯ. ಯಾವುದು ಅಂತ ನೆನಪಿಟ್ಕೊಳ್ಳಲಿ? ಓದೋಕೆ ಬರೋರನ್ನ ಕೂರಿಸ್ಬೇಕಿತ್ತು," ಅಂತ ಅವನ ಮೇಲೇ ಹಾರಿದೆ. ಪಾಪ, ಹುಡುಗ ಕ್ಷಮೆ ಕೇಳಿ ಹೋದ.

ಒರ್ಫಿಲಿಯಾ ಮೆಕ್ಕೆಜೋಳದ ರೊಟ್ಟಿ ತಟ್ಟುತ್ತಿದ್ದಳು. ತಟ್ಟುತ್ತಲೇ ಹೇಳಿದಳು, "ಅಲ್ಲ ಮಾರಾಯ್ತಿ, ನಿನ್ನ ಏಪ್ರನ್ ನಿನ್ನೆಯಿಂದ ಯಾಕೆ ಹಲಗೆ ಹಾಗೆ ನಿಂತಿದೆ? ಇಸ್ತ್ರಿ ಜೋರಾಯ್ತಾ?"

"ನಿನ್ನ ರೊಟ್ಟಿ ನೋಡ್ಕೋ."

"ನನ್ನ ರೊಟ್ಟಿ ಚೆನ್ನಾಗೇ ಇದೆ. ಕಾಳು ತಳ ಹಿಡೀತಿದೆ, ನೋಡು."

ಹಿಡಿದಿತ್ತು. ಇಪ್ಪತ್ತೊಂದು ವರ್ಷದಲ್ಲಿ ಒಂದು ಸಲವೂ ಹಿಡಿದಿರಲಿಲ್ಲ. ಮಕ್ಕಳು ಆ ರಾತ್ರಿ ಸೀದ ಕಾಳು ತಿಂದರು. ತಿಂದಾದ ಮೇಲೆ ಅಡುಗೆಯವರಿಗೆ ಅಂತ ಚೀಟಿ ಬರೆದು ಖಾಲಿ ತಟ್ಟೆಯ ಮೇಲಿಡುವುದು ಅವರ ಪದ್ಧತಿ. ಒರ್ಫಿಲಿಯಾ ಒಂದೊಂದಾಗಿ ಜೋರಾಗಿ ಓದುತ್ತಿದ್ದಳು. ಒಂದು ಚೀಟಿಯನ್ನು ಮಾತ್ರ ಓದದೆ ನನ್ನ ಮುಂದಿಟ್ಟಳು. ಇವೆತ್ ಅಕ್ಷರ: "ಕಾಳು ಸೀದಿತ್ತು, ಪರವಾಗಿಲ್ಲ, ಕಷ್ಟಪಟ್ಟು ಮಾಡಿದ್ದೀರಿ. ನಮ್ಮಜ್ಜಿ ಇದ್ದಿದ್ರೆ ಸೀಯೋಕೆ ಬಿಡ್ತಿರಲಿಲ್ಲ." ಅವಳ ತಟ್ಟೆಯಲ್ಲಿ ಅರ್ಧಕ್ಕರ್ಧ ಹಾಗೇ ಉಳಿದಿತ್ತು.

ಭಾನುವಾರ ಪೂಜೆಯಾದ ಮೇಲೆ ನಮ್ಮನ್ನು ಹೊರಗೆ ಕರೆದರು. ಗಿಟಾರ್, ಚಪ್ಪಾಳೆ, ಎಲ್ಲ. ನಾನು ಸಾಲಿನಲ್ಲಿ ಹಿಂದೆ ನಿಂತಿದ್ದೆ. ಇವೆತ್ ನೋಡಿಬಿಟ್ಟಳು. "ಅಜ್ಜೀ! ಮಂಡಿಗೆ ಎಣ್ಣೆ ತಿಕ್ತಾ ಇದೀಯಾ ಇಲ್ಲಿ? ಸುಳ್ಳಿ! ದೊಡ್ಡ ಸುಳ್ಳಿ!" ಅಂತ ನಗುತ್ತಾ ಓಡಿ ಬಂದು ಅಪ್ಪಿಕೊಂಡಳು. ಇಪ್ಪತ್ತೊಂದು ವರ್ಷದ ಚಪ್ಪಾಳೆ ಎಲ್ಲ ಸೇರಿದರೂ ಆ ಅಪ್ಪುಗೆಯ ಅರ್ಧ ಆಗುವುದಿಲ್ಲ. ಆದರೆ ಅಪ್ಪಿದಾಗ ಎದೆಯಲ್ಲಿದ್ದ ಲಕೋಟೆ ಕರಕರ ಅಂದಿತು.

"ಏನದು ಸದ್ದು?" ಅಂತ ಅವಳೇ ಕೈ ಹಾಕಿ ತೆಗೆದಳು. ನಿನ್ನ ಅಕ್ಷರ ನೋಡಿದಳು. ನಾನು ಏಪ್ರನ್ನಿನ ದಾರ ಬಿಚ್ಚಿ ಮತ್ತೆ ಕಟ್ಟಿಕೊಂಡೆ.

ಅವಳು ಕಿರುಚಲಿಲ್ಲ. "ಬಸ್ ಕೆಟ್ಟಿರ್ಬೇಕು, ಅಮ್ಮಂಗೆ ಓವರ್‌ಟೈಮ್ ಇದ್ದಿರ್ಬೇಕು ಅಂತ ನಿನ್ನೆಯಿಂದ ಅಮ್ಮನ ಪರವಾಗಿ ನಾನೇ ನೆಪ ಹುಡುಕ್ತಾ ಇದ್ದೆ ಅಜ್ಜಿ," ಅಂದಳು. "ನೀನು ಇಷ್ಟು ಹತ್ರ ಇಟ್ಕೊಂಡಿದ್ಯಾ."

ಆಮೇಲೆ ಎರಡು ದಿನ ಮಾತಿಲ್ಲ. ನಾನು ಬೈದರೂ ಮಾತಿಲ್ಲ. ನಿನ್ನೆ ಸಂಜೆ ಒಲೆ ಮುಂದೆ ಬಂದು ಕೂತು, "ಶುಕ್ರವಾರ ಅಮ್ಮನ ಹತ್ರ ಹೋಗ್ತೀನಿ. ಕ್ರಿಸ್‌ಮಸ್‌ಗೆ ಬರ್ತೀನಿ. ಫೆಬ್ರವರಿಯಿಂದ ಅಲ್ಲೇ ಶಾಲೆ," ಅಂದಳು.

"ನಾನು ಪತ್ರ ಇಟ್ಕೊಂಡೆ ಅಂತ ಹೋಗ್ತಿದೀಯಾ?"

"ಅದಕ್ಕಲ್ಲ. ಪತ್ರದಲ್ಲಿ ಇದ್ದದ್ದಕ್ಕೆ."

ಏನಿತ್ತು ಅಂತ ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ. ಬೇಡ ಅನ್ನಬೇಕು ಅನ್ನಿಸಿತು. ನನ್ನನ್ನು ಬಿಟ್ಟು ಹೋಗುವ ಎರಡನೆಯವಳು ನೀನು ಅಂತ ಹೇಳಬೇಕು ಅನ್ನಿಸಿತು. ರೊಟ್ಟಿ ತಿರುವಿ ಹಾಕಿದೆ.

ಈಗ ಬಾಯಿ ಮುಚ್ಚಿಕೊಂಡು ಕೇಳು. ಅವಳಿಗೆ ಎಡಗಡೆ ತಿರುಗಿ ಮಲಗಿದರೆ ಉಬ್ಬಸ ಬರುತ್ತದೆ. ಆ ಹಳದಿ ಕೋಣೆಯಲ್ಲಿ ಮಂಚವನ್ನು ಕಿಟಕಿ ಕೆಳಗೆ ಇಡಬೇಡ, ಬೀದಿಯ ಧೂಳು ಬರುತ್ತದೆ. ಹೊಟ್ಟೆ ನೋವು ಅಂದರೆ ನಂಬಬೇಡ, ಅವತ್ತು ಗಣಿತದ ಪರೀಕ್ಷೆ ಇರುತ್ತದೆ. ತಲೆನೋವು ಅಂದರೆ ನಂಬು. ಕೋಪ ಬಂದಾಗ ಪಾತ್ರೆ ತೊಳೆಯುತ್ತಾಳೆ, ತೊಳೆಯಲಿ ಬಿಡು, ನಡುವೆ ಹೋಗಬೇಡ. ಕಾಳು ಬೇಕು ಅಂದರೆ ನನ್ನ ಹಾಗೆ ಮಾಡಲು ಹೋಗಬೇಡ. ನಿನಗೆ ಬರುವುದಿಲ್ಲ. ಬರಬಾರದು ಕೂಡ. ಅದು ಬೇಕಿದ್ದರೆ ಅವಳು ಇಲ್ಲಿಗೇ ಬರಲಿ.

ಈ ಪತ್ರ ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ. ಅಂಟಿಸಿಲ್ಲ. ದಾರಿಯಲ್ಲಿ ಆರು ಗಂಟೆ ಇದೆ, ಓದಬೇಕು ಅನ್ನಿಸಿದರೆ ಓದಲಿ. ಓದುವುದಿಲ್ಲ ಬಿಡು, ಅವಳು ನನ್ನಂಥವಳಲ್ಲ.

ನೀನು ಕ್ಷಮಿಸುತ್ತೀಯೋ ಇಲ್ಲವೋ, ಅದು ನಿನಗೆ ಬಿಟ್ಟದ್ದು. ನನಗೆ ಇನ್ನೂ ಹೊಟ್ಟೆ ಉರಿಯುತ್ತಲೇ ಇದೆ, ಅದನ್ನು ಮುಚ್ಚಿಟ್ಟು ಬರೆದರೆ ಸುಳ್ಳಾಗುತ್ತದೆ. ಫಾದರ್‌ಗೂ ಹಾಗೇ ಹೇಳಿದೆ. ಅವರು ಪ್ರಾಯಶ್ಚಿತ್ತಕ್ಕೆ ಮೂರು ಜಪಸರ ಕೊಟ್ಟರು, ಒರ್ಫಿಲಿಯಾ ಜೊತೆ ಕುಳಿತು ಹೇಳಬೇಕಂತೆ. ಅದಕ್ಕಿಂತ ಉಪವಾಸವೇ ವಾಸಿ.

ನಿನ್ನ ತಾಯಿ,
ಕಸಿಮಿರಾ

ಮರೆತ ಮಾತು: ಬಿಚ್ಚಲಿಲ್ಲ ಅಂತ ಮೇಲೆ ಬರೆದಿದ್ದೇನೆ. ಬಿಚ್ಚಿದೆ. ಹಳದಿ ಕೋಣೆ ಅಂತ ಬರೆದಾದ ಮೇಲೆ ನನಗೇ ಹೊಳೆಯಿತು, ಆ ಕೋಣೆಯ ಮಾತು ನಿನ್ನ ಪತ್ರದಲ್ಲಿ ಮಾತ್ರ ಇದ್ದದ್ದು. ಹೊಡೆದು ಹಾಕಿದರೆ ಹಾಳೆ ಕೊಳಕಾಗುತ್ತದೆ. ಅಲ್ಲದೆ ಇವೆತ್ ಆ ಲಕೋಟೆಯನ್ನು ತರುತ್ತಿದ್ದಾಳೆ, ನಿನಗೆ ಕಂಡೇ ಕಾಣುತ್ತದೆ: ಮೂರು ಕಡೆ ನಿನ್ನ ನೀಲಿ ದಾರ, ಒಂದು ಕಡೆ ಕಪ್ಪು. ಶನಿವಾರ ಸಂಜೆ ಎಲ್ಲರೂ ಪ್ರಾರ್ಥನೆಗೆ ಹೋದಾಗ ಈರುಳ್ಳಿ ಮೂಟೆಯ ಮೇಲೆ ಕುಳಿತು ಚಾಕುವಿನ ತುದಿಯಿಂದ ಬಿಚ್ಚಿದೆ. ಒಂಬತ್ತು ಹಾಳೆ. ಅವರು ಹಾಡಿ ಮುಗಿಸುವಷ್ಟರಲ್ಲಿ ಮೂರು ಓದಿದೆ. ಗುಂಡಿ ಹೊಲಿಯಬೇಕು ಅಂತ ಒರ್ಫಿಲಿಯಾ ಹತ್ತಿರ ದಾರ ಕೇಳಿದೆ. "ನಿನ್ನ ಏಪ್ರನ್‌ಗೆ ಗುಂಡಿನೇ ಇಲ್ಲ," ಅಂದಳು. ಅಂದರೂ ಕೊಟ್ಟಳು. ಹೂ ಬಿಡಿಸುವವಳು ಅಷ್ಟೇನೂ ಕೆಟ್ಟವಳಲ್ಲ.

ಮೂರನೇ ಹಾಳೆಯಲ್ಲಿ ನೀನು ಅವಳಿಗೆ ಬರೆದದ್ದು ನನ್ನ ಕಣ್ಣಿಗೆ ಬಿತ್ತು. ನನ್ನ ಧ್ಯಾನಕೂಟದಲ್ಲಿ ನನ್ನ ಚೀಲದಲ್ಲಿ ಆರು ಪತ್ರ ಇತ್ತು, ಅಮ್ಮನದು ಇರಲಿಲ್ಲ, ಮೂರು ಸಲ ಕೈ ಹಾಕಿ ನೋಡಿದೆ, ನೀನು ಹಾಗೆ ಹುಡುಕಬಾರದು ಅಂತ ಒಂಬತ್ತು ಹಾಳೆ ಬರೆಯುತ್ತಿದ್ದೇನೆ ಅಂತ.

ಅವತ್ತು ನಾನು ಗೋಡೆಯ ಈಚೆ ನಿನಗೇ ರೊಟ್ಟಿ ತಟ್ಟುತ್ತಿದ್ದೆ. ಬರೆದಿದ್ದೆ ನೊಲ್ವಿಯಾ. ಬೇರೆ ತಾಯಂದಿರ ಕಾಗದಕ್ಕೆ ಹೂವಿನ ಅಂಚಿತ್ತು. ನನ್ನದು ಸಕ್ಕರೆ ಕಟ್ಟಿದ ಕಾಗದ, ಅಕ್ಷರ ಕೋಳಿ ಕೆದರಿದ ಹಾಗೆ. ನಾಚಿಕೆಯಾಗಿ ಒಲೆಗೆ ಹಾಕಿದೆ. ಎರಡೇ ಸಾಲು ಇತ್ತು, ಇನ್ನೂ ನೆನಪಿದೆ. ಈಗ ನಿನ್ನ ಚೀಲಕ್ಕೆ ಹಾಕಿಕೋ:

ಹೊಟ್ಟೆ ತುಂಬ ತಿನ್ನು, ಕಾಳು ನಾನೇ ಮಾಡಿದ್ದು.
ನೀನಿಲ್ಲದೆ ಮನೆಯಲ್ಲಿ ಕೂಗಾಡಲು ಯಾರೂ ಇಲ್ಲ, ಬೇಗ ಬಾ.